ಪೆಟ್ರೋಲ್ ಗಾಡಿ ಬ್ಯಾನ್ ಆಗುತ್ತಾ ಅನ್ನೋಕಿಂತ ಮುಂಚೆ ನಿಮ್ಮನೆ ಪ್ಲಗ್ ಪಾಯಿಂಟ್ ನೋಡ್ಕೊಳಿ

ಪ್ರಶ್ನೆ: ಸರ್, ನಮ್ದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ದಿನಾ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಗೆ ಕೆಲ್ಸಕ್ಕೆ ಹೋಗ್ಬರ್ತೀನಿ, ಎರಡೂ ಕಡೆ ಸೇರಿ 55 ಕಿಲೋಮೀಟರ್ ಆಗುತ್ತೆ. ನನ್ ಸ್ಕೂಟರ್‌ಗೆ 9 ವರ್ಷ ಆಯ್ತು. 2030ಕ್ಕೆ ಪೆಟ್ರೋಲ್ ಗಾಡಿ ಎಲ್ಲಾ ಬ್ಯಾನು, ಎಲೆಕ್ಟ್ರಿಕ್ ಕಡ್ಡಾಯ ಅಂತ ವಾಟ್ಸಾಪಲ್ಲಿ ಬರ್ತಾನೇ ಇದೆ. ಈಗ್ಲೇ ಮಾರಿದ್ರೆ ಒಂದಿಷ್ಟು ದುಡ್ಡಾದ್ರೂ ಸಿಗುತ್ತೆ ಅಂತ ಮನೇಲಿ ಹೇಳ್ತಾರೆ. ಆದ್ರೆ ನಮ್ಮೂರಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಗೊತ್ತಾಗಲ್ಲ, ಬ್ಯಾಟರಿ ಬೆಂಕಿ ಹತ್ಕೊಳುತ್ತೆ ಅಂತಾರೆ, ಗೃಹಜ್ಯೋತಿ ಕಟ್ ಆಗುತ್ತೆ ಅಂತ ಇನ್ನೊಬ್ರು. ನಮ್ಮಂಥವ್ರು ಏನ್ ಮಾಡ್ಬೇಕು?

ಉತ್ತರ: ಮೊದ್ಲು ಒಂದ್ ಗ್ಲಾಸ್ ನೀರು ಕುಡೀರಿ. ಗಾಡಿ ಮಾರೋ ಅರ್ಜೆಂಟ್ ಏನೂ ಇಲ್ಲ.

ನಾನು 22 ವರ್ಷ ಕರೆಂಟ್ ಸಪ್ಲೈ ಕಡೆ ಕೆಲ್ಸ ಮಾಡಿದವನು, ಈಗ ಮೈಸೂರಲ್ಲಿ ಎಲೆಕ್ಟ್ರಿಕ್ ಗಾಡಿ ರಿಪೇರಿ ಕಲಿಯೋ ಹುಡುಗ್ರಿಗೆ ಬ್ಯಾಟರಿ ಚಾರ್ಜರ್ ಬಗ್ಗೆ ಪಾಠ ಮಾಡ್ತೀನಿ, ನಾಲ್ಕು ವರ್ಷದಿಂದ ನಾನೂ ಎಲೆಕ್ಟ್ರಿಕ್ ಸ್ಕೂಟರ್ನೇ ಓಡಿಸ್ತಿದೀನಿ. ಅಂದ್ರೆ ನಾನು ಆ ಪಾರ್ಟಿಯವನೇ. ಆದ್ರೂ ನಿಮ್ಗೆ ಭಯ ಬಿದ್ದು ತಗೊಳಿ ಅಂತ ಹೇಳಲ್ಲ, ಯಾಕಂದ್ರೆ ಭಯ ಬಿದ್ದು ತಗೊಂಡವ್ರೇ ಆರ್ ತಿಂಗ್ಳಿಗೆ ಬೈಕೊಂಡು ನಮ್ಮತ್ರ ಬರೋದು.

ಬ್ಯಾನ್ ವಿಷ್ಯ ಮೊದ್ಲು ಮುಗಿಸ್ಬಿಡೋಣ. ಪೆಟ್ರೋಲ್ ಗಾಡಿ ಇಟ್ಕೊಂಡಿರೋರೆಲ್ಲ ಇಷ್ಟನೇ ಇಸ್ವಿಗೆ ಎಲೆಕ್ಟ್ರಿಕ್‌ಗೆ ಬದಲಾಯಿಸ್ಲೇಬೇಕು ಅನ್ನೋ ಕಾನೂನು ನಮ್ ದೇಶದಲ್ಲಿ ಇಲ್ಲ. 2017ರಲ್ಲಿ ಕೇಂದ್ರದ ಮಂತ್ರಿಗಳು 2030ಕ್ಕೆ ಮಾರೋ ಗಾಡಿಯೆಲ್ಲ ಎಲೆಕ್ಟ್ರಿಕ್ಕೇ ಆಗ್ಬೇಕು ಅಂತ ಮಾತಾಡಿದ್ರು, ಆಮೇಲೆ ಅವ್ರೇ ಮೆತ್ತಗಾದ್ರು. 2019ರಲ್ಲಿ ನೀತಿ ಆಯೋಗ ಇನ್ನೊಂದು ಪ್ರಸ್ತಾವ ಇಟ್ಟಿತ್ತು, 2023ರಿಂದ ಆಟೋ ಎಲೆಕ್ಟ್ರಿಕ್ ಮಾತ್ರ, 2025ರಿಂದ 150 ಸಿಸಿ ಒಳಗಿನ ಟೂ ವೀಲರ್ ಎಲೆಕ್ಟ್ರಿಕ್ ಮಾತ್ರ ಅಂತ. ಗಾಡಿ ಕಂಪ್ನಿಗಳು ಗಲಾಟೆ ಮಾಡಿದ್ವು, ಅದು ಅಲ್ಲೇ ನಿಂತೋಯ್ತು. 2025 ಬಂತು ಹೋಯ್ತು, ಮಂಡ್ಯ ಬಸ್ ಸ್ಟ್ಯಾಂಡ್ ಮುಂದೆ ನಿಂತು ನೋಡಿ, ಪೆಟ್ರೋಲ್ ಗಾಡಿನೇ ಸಾಲಾಗಿ ನಿಂತಿರುತ್ವೆ. ಈಗ ಉಳ್ಕೊಂಡಿರೋದು ಗುರಿ ಅಷ್ಟೇ, 2030ರ ಹೊತ್ತಿಗೆ ಹೊಸದಾಗಿ ಮಾರಾಟ ಆಗೋ ಟೂ ವೀಲರ್‌ನಲ್ಲಿ 80 ಪರ್ಸೆಂಟು, ಸ್ವಂತ ಕಾರಲ್ಲಿ 30 ಪರ್ಸೆಂಟು ಎಲೆಕ್ಟ್ರಿಕ್ ಆಗ್ಲಿ ಅಂತ. ಹೊಸ ಗಾಡಿ ಮಾರಾಟದ ಲೆಕ್ಕ ಅದು, ನಿಮ್ಮನೆ ಜಗಲಿ ಮೇಲೆ ನಿಂತಿರೋ ಸ್ಕೂಟರ್ ಲೆಕ್ಕ ಅಲ್ಲ.

ಹಂಗಾದ್ರೆ ವಾಟ್ಸಾಪ್ ಸುದ್ದಿ ಎಲ್ಲಿಂದ ಹುಟ್ತು? ಬಹಳಷ್ಟು ದೆಹಲಿಯಿಂದ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗೆ 2025ರ ಜುಲೈ 1ರಿಂದ ಬಂಕಲ್ಲಿ ಎಣ್ಣೆನೇ ಹಾಕ್ಬೇಡಿ ಅಂದ್ರು, ಜನ ರೊಚ್ಚಿಗೆದ್ರು, ಕೆಲವೇ ದಿನದಲ್ಲಿ ತಡೆದ್ರು. ಅದು ದೆಹಲಿ ಸುತ್ತಮುತ್ತಲಿನ ಹೊಗೆಗೆ ಅಂತ ಇರೋ ರೂಲು, ಎಲೆಕ್ಟ್ರಿಕ್ ತಗೊಳಿ ಅನ್ನೋದಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ. ನಮ್ ಕಡೆ 15 ವರ್ಷ ಆದ್ಮೇಲೆ ಆರ್‌ಟಿಓಗೆ ಹೋಗಿ ಗಾಡಿ ತೋರ್ಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ, ಆರ್‌ಸಿ 5 ವರ್ಷಕ್ಕೆ ರಿನ್ಯೂ ಮಾಡ್ಸ್ಕೊಬೋದು. 15 ವರ್ಷಕ್ಕೆ ಕಡ್ಡಾಯವಾಗಿ ಗುಜರಿಗೆ ಹೋಗ್ತಿರೋದು ಸರ್ಕಾರದ್ದೇ ಗಾಡಿಗಳು, 2023ರ ಏಪ್ರಿಲ್‌ನಿಂದ ಅವಕ್ಕೆ ರಿನ್ಯೂವಲ್ ಇಲ್ಲ. ನಿಮ್ ಸ್ಕೂಟರ್‌ಗೆ 9 ವರ್ಷ ಅಂದ್ರಿ, ಇನ್ನೂ 6 ವರ್ಷ ಯಾರೂ ಕೇಳಲ್ಲ.

ಹೊರದೇಶದ ಕತೆನೂ ಇಷ್ಟೇ ಎದ್ದು ಬಿದ್ದು ನಡೀತಿರೋದು. ಯುರೋಪಿನವ್ರು 2035ರಿಂದ ಹೊಸ ಪೆಟ್ರೋಲ್ ಕಾರ್ ಮಾರಂಗಿಲ್ಲ ಅಂತ ಕಾನೂನು ಮಾಡಿದ್ರು, 2025ರ ಡಿಸೆಂಬರಲ್ಲಿ ಅದನ್ನ ಸಡಿಲ ಮಾಡೋಣ ಅಂತ ಅವ್ರ ಆಡಳಿತ ನೋಡ್ಕೊಳೋ ಯುರೋಪಿಯನ್ ಕಮಿಷನ್ನೇ ಹೊರಟಿತು. ಬ್ರಿಟನ್ 2030 ಅಂತು, 2035 ಅಂತು, ತಿರ್ಗಾ 2030 ಅಂತಿದೆ. ನಾರ್ವೆಯವ್ರು ಬ್ಯಾನೇ ಮಾಡದೆ ಬರೀ ಟ್ಯಾಕ್ಸ್ ಆಟದಲ್ಲೇ ಗೆದ್ದವ್ರು, ಪೆಟ್ರೋಲ್ ಕಾರಿಗೆ ಭಾರಿ ಟ್ಯಾಕ್ಸ್, ಎಲೆಕ್ಟ್ರಿಕ್‌ಗೆ ಮಾಫಿ, 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರಲ್ಲಿ ಹತ್ರತ್ರ 90 ಪರ್ಸೆಂಟ್ ಎಲೆಕ್ಟ್ರಿಕ್ಕು. ನಿಜವಾಗ್ಲೂ ಬಾಗ್ಲು ಹಾಕಿದ್ದು ಇಥಿಯೋಪಿಯ, 2024ರಲ್ಲಿ ಪೆಟ್ರೋಲ್ ಕಾರ್ ಇಂಪೋರ್ಟೇ ನಿಲ್ಸಿದ್ರು, ಎಣ್ಣೆ ತರೋಕೆ ಡಾಲರ್ ಇಲ್ಲ, ಡ್ಯಾಮ್ ಕರೆಂಟು ಬೇಕಾದಷ್ಟಿದೆ ಅಂತ. ಇರ್ಲಿ, ಅದು ಅವ್ರ ಪಾಡು.

ಆದ್ರೆ ಇಲ್ಲೊಂದು ಮಾತಿದೆ. ಕಡ್ಡಾಯ ಅನ್ನೋದು ಮುಂಬಾಗಿಲಿಂದ ಬರದೆ ಹೋದ್ರೂ ಹಿತ್ತಲ ಬಾಗಿಲಿಂದ ಬರುತ್ತೆ. ಎಲೆಕ್ಟ್ರಿಕ್‌ಗೆ ಜಿಎಸ್‌ಟಿ 2019ರಿಂದ 5 ಪರ್ಸೆಂಟ್, ಪೆಟ್ರೋಲ್ ಟೂ ವೀಲರ್‌ಗೆ 28 ಇತ್ತು, 2025ರ ಸೆಪ್ಟೆಂಬರಲ್ಲಿ 350 ಸಿಸಿ ತನಕ 18ಕ್ಕೆ ಇಳಿಸಿದ್ರು. ಸಬ್ಸಿಡಿ ಕೊಟ್ಟು ಆಸೆ ತೋರ್ಸಿದ್ರು, ಒಂದ್ ಯೂನಿಟ್ (ಕಿಲೋವ್ಯಾಟ್ ಅವರ್) ಕರೆಂಟ್ ಹಿಡಿಯೋ ಬ್ಯಾಟರಿಗೆ 15 ಸಾವಿರ ಇದ್ದಿದ್ದನ್ನ 2023ರ ಜೂನಲ್ಲಿ 10 ಸಾವಿರ ಮಾಡಿದ್ರು, 2024ರ ಏಪ್ರಿಲ್‌ನಿಂದ 5 ಸಾವಿರ, ಆಮೇಲೆ ಅದನ್ನೂ ಅರ್ಧ. ಜನಕ್ಕೆ ಕೋಪ ಬರೋದು ಇಲ್ಲಿ ಅಂತ ನನ್ ಅನಿಸಿಕೆ, ಗಾಡಿ ಮೇಲೆ ಕೋಪ ಅಲ್ಲ, ಇವತ್ತೊಂದು ನಾಳೆ ಒಂದು ಹೇಳೋದ್ರ ಮೇಲೆ. ನಮ್ ರಾಜ್ಯ 2017ರಲ್ಲೇ ದೇಶದಲ್ಲಿ ಎಲ್ರಿಗಿಂತ ಮೊದ್ಲು ಎಲೆಕ್ಟ್ರಿಕ್ ಗಾಡಿ ಪಾಲಿಸಿ ಮಾಡಿದ್ದು, ಒಪ್ಕೊಳೋಣ. 2021ರಲ್ಲಿ ಬೈಕ್ ಟ್ಯಾಕ್ಸಿ ಮಾಡೋರು ಎಲೆಕ್ಟ್ರಿಕ್ ಬೈಕಲ್ಲೇ ಮಾಡ್ಬೇಕು ಅಂತ ಸ್ಕೀಮ್ ತಂದ್ರು, 2024ರ ಮಾರ್ಚಲ್ಲಿ ಆ ಸ್ಕೀಮನ್ನೇ ವಾಪಸ್ ತಗೊಂಡ್ರು. ಅದನ್ನ ನಂಬಿ ಯಾರಾದ್ರೂ ಸಾಲ ಮಾಡಿ ಗಾಡಿ ತಗೊಂಡಿದ್ರೆ ಅವ್ರ ಮುಂದೆ ಹೋಗಿ ಪರಿಸರದ ಬಗ್ಗೆ ಭಾಷಣ ಮಾಡೋಕಾಗುತ್ತಾ ಹೇಳಿ.

ಈಗ ನಿಮ್ ಲೆಕ್ಕಕ್ಕೆ ಬರೋಣ. ದಿನಕ್ಕೆ 55 ಕಿಲೋಮೀಟರ್, ತಿಂಗ್ಳಿಗೆ 25 ದಿನ, 1375 ಕಿಲೋಮೀಟರ್. ನಿಮ್ ಸ್ಕೂಟರ್ 45 ಕೊಡುತ್ತೆ ಅಂತಿಟ್ಕೊಂಡ್ರೆ 30 ಲೀಟರ್ ಮೇಲೆ, ಲೀಟರ್‌ಗೆ ನೂರ್ ರೂಪಾಯಿ ಮೇಲೇನೇ ಇದೆ, ಮೂರ್ ಸಾವಿರ ದಾಟುತ್ತೆ. ಎಲೆಕ್ಟ್ರಿಕ್ ಸ್ಕೂಟರ್ ಒಂದ್ ಯೂನಿಟ್‌ಗೆ 27-28 ಕಿಲೋಮೀಟರ್ ಓಡುತ್ತೆ, ಚಾರ್ಜರ್ ಬಿಸಿಯಾಗಿ ಕಳ್ಕೊಳೋದನ್ನೂ ಸೇರಿಸಿ ಹೇಳ್ತಿದೀನಿ. ದಿನಕ್ಕೆ 2 ಯೂನಿಟ್, ತಿಂಗ್ಳಿಗೆ 50 ಯೂನಿಟ್. ಟ್ಯಾಕ್ಸ್ ಎಲ್ಲಾ ಸೇರಿ ಯೂನಿಟ್‌ಗೆ 7 ರೂಪಾಯಿ ಹಾಕಿದ್ರೂ 350 ರೂಪಾಯಿ. ತಿಂಗ್ಳಿಗೆ 2700 ಉಳೀತು, ಮೂರ್ ವರ್ಷಕ್ಕೆ 90 ಸಾವಿರದ ಮೇಲೆ. ನಿಮ್ಮಷ್ಟು ಓಡಿಸೋರಿಗೆ ಯಾರ ಸಬ್ಸಿಡಿನೂ ಬೇಡ, ಲೆಕ್ಕನೇ ಎಳ್ಕೊಂಡೋಗುತ್ತೆ. ಅದೇ ಮನೆಯಿಂದ ಅಂಗ್ಡಿಗೆ ಅಂಗ್ಡಿಯಿಂದ ಮನೆಗೆ ದಿನಕ್ಕೆ 8 ಕಿಲೋಮೀಟರ್ ಓಡಿಸೋ ನಮ್ ಪಕ್ಕದ್ಮನೆ ಮೇಷ್ಟ್ರಿಗೆ ನಾನು ಬೇಡ ಸಾರ್ ಇರೋ ಗಾಡಿನೇ ಓಡ್ಸಿ ಅಂದೆ, ಅವ್ರಿಗೆ ಉಳಿಯೋದು ತಿಂಗ್ಳಿಗೆ ಮುನ್ನೂರೋ ನಾನೂರೋ, ಅದ್ರ ಸಾಲದ ಬಡ್ಡಿನೂ ಹುಟ್ಟಲ್ಲ.

ಗೃಹಜ್ಯೋತಿ ವಿಷ್ಯ ಮಾತ್ರ ನೀವು ಕೇಳಿದ್ದು ಸರಿಯಾಗಿದೆ, ಶೋರೂಮಲ್ಲಿ ಇದನ್ನ ಯಾರೂ ಬಾಯಿ ಬಿಡಲ್ಲ. ಗೃಹಜ್ಯೋತೀಲಿ ಎಲ್ರಿಗೂ 200 ಯೂನಿಟ್ ಫ್ರೀ ಅಂತ ತಿಳ್ಕೊಂಡಿದಾರೆ, ಹಂಗಿಲ್ಲ. 2022-23ರಲ್ಲಿ ನಿಮ್ಮನೆ ತಿಂಗ್ಳಿಗೆ ಸರಾಸರಿ ಎಷ್ಟು ಉರಿಸ್ತಿತ್ತೋ ಅದು, ಅದ್ರ ಮೇಲೆ ಸ್ವಲ್ಪ, ಅಷ್ಟು ಫ್ರೀ. ಅದಕ್ಕಿಂತ ಜಾಸ್ತಿ ಆಗಿ 200ರ ಒಳಗಿದ್ರೆ ಜಾಸ್ತಿ ಆದಷ್ಟಕ್ಕೆ ದುಡ್ಡು. 200 ದಾಟ್ತು ಅಂದ್ರೆ ಆ ತಿಂಗ್ಳು ಪೂರ್ತಿ ಬಿಲ್ ನಿಮ್ದೇ. ಈಗ ನಿಮ್ಮನೆ ಸರಾಸರಿ 70 ಯೂನಿಟ್ ಅಂತಿಟ್ಕೊಳಿ, ಸ್ಕೂಟರ್ ಬಂದ್ಮೇಲೆ 120, ಫ್ರೀ ಭಾಗ ಕಳೆದು 40 ಚಿಲ್ಲರೆ ಯೂನಿಟ್‌ಗೆ ಮುನ್ನೂರರ ಹತ್ರ ಬರುತ್ತೆ, ಪರವಾಗಿಲ್ಲ. ಅದೇ ಮನೇಲಿ ಫ್ರಿಜ್ಜು ಗೀಸರ್ ಎಲ್ಲಾ ಇದ್ದು 160 ಉರಿಸ್ತಿದ್ರೆ? 160ಕ್ಕೆ 50 ಸೇರಿದ್ರೆ 210. ಹತ್ತೇ ಹತ್ತು ಯೂನಿಟ್ ದಾಟಿದ್ದಕ್ಕೆ 210ಕ್ಕೂ ಕಟ್ಬೇಕು, ಇಷ್ಟ್ ದಿನ ಸೊನ್ನೆ ಬಿಲ್ ಬರ್ತಿದ್ದ ಮನೆಗೆ ಸಾವಿರದ ಮೇಲೆ ಬಿಲ್ ಬಂದ್ರೆ ಮನೇಲಿ ಏನ್ ಮಾತು ನಡೆಯುತ್ತೆ ಅಂತ ನಾನು ಬೇರೆ ಹೇಳ್ಬೇಕಾ. ಆಗ್ಲೂ ಪೆಟ್ರೋಲ್‌ಗಿಂತ ಕಮ್ಮಿನೇ, ಆದ್ರೆ ಮೋಸ ಹೋದಂಗೆ ಅನ್ಸುತ್ತೆ. ಅದಕ್ಕೇ ಕಳೆದ ಒಂದ್ ವರ್ಷದ ಬಿಲ್ ತೆಗೆದು ನೋಡಿ, ಬೇಸಿಗೆ ತಿಂಗ್ಳದ್ದು ಮುಖ್ಯ. ಎಲೆಕ್ಟ್ರಿಕ್ ಗಾಡಿ ಚಾರ್ಜಿಂಗ್‌ಗೆ ಅಂತ ಬೇರೆ ರೇಟಿನ ಕನೆಕ್ಷನ್ ಕೂಡ ಇದೆ, ಮನೇಲಿ ಎರಡು ಗಾಡಿ ಆದ್ರೆ ಸೆಸ್ಕ್ (ನಮ್ ಕಡೆ ಕರೆಂಟ್ ಕಂಪ್ನಿ) ಆಫೀಸಲ್ಲಿ ಅದನ್ನ ವಿಚಾರ್ಸಿ.

ಕರೆಂಟ್ ಇರಲ್ಲ ಅಂದ್ರಲ್ಲ. ಇದಕ್ಕೆ ನಾನು ತಿರ್ಗ ಒಂದ್ ಪ್ರಶ್ನೆ ಕೇಳ್ತೀನಿ, ನಿಮ್ಮನೆ ಊರೊಳಗಿದೆಯೋ ತೋಟದಲ್ಲಿದೆಯೋ? ಯಾಕಂದ್ರೆ ನಿರಂತರ ಜ್ಯೋತಿ ಯೋಜನೆ ಬಂದ್ಮೇಲೆ ಊರೊಳಗಿನ ಮನೆಗಳ ಫೀಡರ್ (ಕರೆಂಟ್ ತರೋ ಲೈನು) ಬೇರೆ, ಪಂಪ್‌ಸೆಟ್ ಫೀಡರ್ ಬೇರೆ. ಊರೊಳಗಿದ್ರೆ ಮಳೆ ಗಾಳಿ ಬಂದು ಮರ ಬಿದ್ದಾಗ ಬಿಟ್ರೆ ರಾತ್ರಿ ನಾಲ್ಕೈದು ಗಂಟೆ ಕರೆಂಟ್ ಸಿಗದೇ ಇರಲ್ಲ, ನಿಮ್ಗೆ ಬೇಕಾಗಿರೋದು ಅಷ್ಟೇ. ತೋಟದ ಮನೆ ಪಂಪ್‌ಸೆಟ್ ಲೈನಲ್ಲೇ ಇದ್ರೆ ಕತೆ ಬೇರೆ, ಅಲ್ಲಿ ಮೋಟ್ರು ಓಡೋ ಹೊತ್ತಲ್ಲಿ ಮಾತ್ರ ಸರಿಯಾಗಿ ಕರೆಂಟು, ಆ ಟೈಮ್‌ಗೆ ನೀವು ಹೆಬ್ಬಾಳದಲ್ಲಿ ಮೆಷಿನ್ ಮುಂದೆ ನಿಂತಿರ್ತೀರ. ಹಂಗಿದ್ರೆ ಫ್ಯಾಕ್ಟ್ರಿ ಪಾರ್ಕಿಂಗಲ್ಲಿ ಪ್ಲಗ್ ಕೊಡ್ತಾರಾ ಕೇಳಿ ಆಮೇಲೆ ಮಾತ್ರ ಶೋರೂಮ್ ಮೆಟ್ಲು ಹತ್ತಿ.

ಎಲ್ರೂ ಎಲೆಕ್ಟ್ರಿಕ್ ತಗೊಂಡ್ರೆ ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಸುಟ್ಟೋಗಲ್ವಾ ಅಂತ ನಮ್ ಕ್ಲಾಸಲ್ಲೂ ಕೇಳ್ತಾರೆ. ಸ್ಕೂಟರ್ ಚಾರ್ಜರ್ ಎಳೆಯೋದು ಒಂದ್ ಇಸ್ತ್ರಿ ಪೆಟ್ಟಿಗೆಯಷ್ಟು, 750 ವ್ಯಾಟ್ ಆಚೀಚೆ. ಬಚ್ಚಲಮನೆ ಗೀಸರ್ ಅದ್ರ ಮೂರರಷ್ಟು. ಊರಲ್ಲಿ ಇಪ್ಪತ್ತು ಸ್ಕೂಟರ್ ಒಟ್ಗೆ ಹಾಕಿದ್ರೂ 15 ಕಿಲೋವ್ಯಾಟ್, 5 ಎಚ್‌ಪಿಯ ನಾಲ್ಕು ಮೋಟ್ರು ಇದ್ದಂಗೆ, 63 ಇಲ್ಲಾ 100 ಕೆವಿಎ ಟಿಸಿ ತಡ್ಕೊಳುತ್ತೆ. ಕಾರು ಬಂದಾಗ ನೋಡ್ಬೇಕು. ಒಂದ್ ಕಾರಿನ ಮನೆ ಚಾರ್ಜರ್ 7 ಕಿಲೋವ್ಯಾಟ್ ಎಳೆಯುತ್ತೆ, ಒಂದೇ ಬೀದೀಲಿ ಅಂಥ ಹತ್ತು ಕಾರು ಸಂಜೆ 7ಕ್ಕೆ ಬಂದು ಒಟ್ಗೆ ಪ್ಲಗ್ ಹಾಕಿದ್ರೆ ಮೈಸೂರಿನ ಕುವೆಂಪುನಗರದಂಥ ಬಡಾವಣೇಲೂ ಟಿಸಿ ಬದಲಾಯಿಸ್ಬೇಕಾಗುತ್ತೆ. ಆದ್ದರಿಂದ ರಾತ್ರಿ 11ರ ಮೇಲೆ ಹಾಕೋ ಅಭ್ಯಾಸ ಒಳ್ಳೇದು, ಸಂಜೆ ಹೊತ್ತು ಎಲ್ಲರ ಮನೇಲೂ ಲೈಟು ಟಿವಿ ಮಿಕ್ಸಿ ಓಡ್ತಿರುತ್ತೆ, ಸೋಲಾರ್ ಮಲಗಿರುತ್ತೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟ್ ಹುಟ್ಟಿ ನೂರೈವತ್ತು ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯ್ತು, ಪಕ್ಕದ ಹಳ್ಳಿ ಜನ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡೀಲೇ ಇದ್ರು. ಅದಕ್ಕೇ ನಮ್ ಮಂಡ್ಯದವ್ರು ಕರೆಂಟ್ ಸಾಲುತ್ತೆ ಅಂತ ಯಾರಾದ್ರೂ ದೊಡ್ಡವ್ರು ಹೇಳಿದ್ರೆ ಅಷ್ಟ್ ಸುಲಭಕ್ಕೆ ನಂಬಲ್ಲ, ಅದ್ರಲ್ಲಿ ತಪ್ಪೂ ಇಲ್ಲ ಬಿಡಿ.

ಬೆಂಕಿ. ಇದಕ್ಕೆ ಸ್ವಲ್ಪ ಜಾಸ್ತಿ ಟೈಮ್ ತಗೋತೀನಿ, ಯಾಕಂದ್ರೆ ಜನಕ್ಕೆ ನಿಜವಾದ ಹೆದರಿಕೆ ಇರೋದೇ ಇಲ್ಲಿ. 2022ರ ಬೇಸಿಗೇಲಿ ದೇಶದ ಬೇರೆಬೇರೆ ಕಡೆ ಸ್ಕೂಟರ್ ಹೊತ್ತಿ ಉರಿದಿದ್ದು, ಜನ ಸತ್ತಿದ್ದು ಸುಳ್ಳಲ್ಲ. ಅದಾದ್ಮೇಲೆ ಎಐಎಸ್ 156 ಅನ್ನೋ ಬ್ಯಾಟರಿ ಟೆಸ್ಟ್ ರೂಲನ್ನ ಬಿಗಿ ಮಾಡಿದ್ರು, 2022ರ ಡಿಸೆಂಬರ್‌ನಲ್ಲಿ ಒಂದ್ ಭಾಗ, 2023ರ ಮಾರ್ಚ್ ಕೊನೆಗೆ ಇನ್ನೊಂದ್ ಭಾಗ ಜಾರಿಗೆ ಬಂತು. ಹಂಗಾಗಿ ಸೆಕೆಂಡ್ ಹ್ಯಾಂಡ್ ತಗೊಳೋದಾದ್ರೆ 2023ರ ಏಪ್ರಿಲ್‌ಗಿಂತ ಹಳೇದು ನನ್ನ ಕೇಳಿದ್ರೆ ಬೇಡ. ಬ್ಯಾಟರೀಲಿ ಎಲ್‌ಎಫ್‌ಪಿ ಅಂತ ಒಂದು ಜಾತಿ, ಎನ್‌ಎಂಸಿ ಅಂತ ಇನ್ನೊಂದು. ಎಲ್‌ಎಫ್‌ಪಿ ತೂಕ ಜಾಸ್ತಿ, ಆದ್ರೆ ಬಿಸಿ ತಡ್ಕೊಳೋ ಶಕ್ತಿ ಜಾಸ್ತಿ, ಆಯಸ್ಸೂ ಜಾಸ್ತಿ. ನಮ್ ಬಿಸ್ಲಿಗೆ, ನಿಮ್ ದಿನದ ಓಡಾಟಕ್ಕೆ ಅದೇ ವಾಸಿ.

ಆದ್ರೆ ನನ್ ಕಣ್ಣಿಗೆ ಬಿದ್ದ ಕೇಸಲ್ಲಿ ಬ್ಯಾಟರಿಗಿಂತ ಮೊದ್ಲು ಸುಟ್ಟಿರೋದು ಮನೆ ವೈರಿಂಗು. ಹೋದ್ವರ್ಷ ಶ್ರೀರಂಗಪಟ್ಟಣ ತಾಲ್ಲೂಕಲ್ಲಿ ಒಂದ್ಮನೆಗೆ ಕರೆದಿದ್ರು, ಗಾಡಿ ಸರಿಯಿಲ್ಲ ಪ್ಲಗ್ ಕರಗ್ತಿದೆ ಅಂತ. ಹೋಗಿ ನೋಡಿದ್ರೆ ಹಾಲ್‌ನಲ್ಲಿ ಟಿವಿ ಹಾಕೋ ಸಣ್ ಪ್ಲಗ್ಗು, ಅದಕ್ಕೊಂದು ನೂರಿಪ್ಪತ್ತು ರೂಪಾಯಿ ಎಕ್ಸ್‌ಟೆನ್ಶನ್ ಬೋರ್ಡು, ಅದ್ರ ವೈರು ಕಿಟಕಿಯಿಂದ ಇಳಿದು ದನದ ಕೊಟ್ಟಿಗೆ ಗಂಜಲದ ಪಕ್ಕದಲ್ಲೇ ಹಾದು ಜಗಲಿಗೆ ಬಂದು, ಅಲ್ಲೊಂದು ಜಾಯಿಂಟು ಇನ್ಸುಲೇಶನ್ ಟೇಪ್ ಸುತ್ತಿ, ಅದ್ರ ತುದೀಲಿ ಚಾರ್ಜರ್ರು. ಅರ್ತಿಂಗ್ ಅಂತ ಕೇಳಿದ್ರೆ ನ್ಯೂಟ್ರಲ್ನೇ ಅರ್ತ್ ಪಿನ್ನಿಗೆ ಲೂಪ್ ಹಾಕಿದ್ರು. ಇದು ಬಹಳ ಡೇಂಜರು, ಕಂಬದ ಹತ್ರ ನ್ಯೂಟ್ರಲ್ ಬಿಟ್ಕೊಂತು ಅಂದ್ರೆ ಗಾಡಿ ಬಾಡಿಗೇ ಕರೆಂಟ್ ಬರುತ್ತೆ, ಮುಟ್ಟಿದವ್ರು ಮನುಷ್ಯರಾಗ್ಲಿ ಹಸುವಾಗ್ಲಿ ಉಳಿಯೋದು ಕಷ್ಟ. ನ್ಯೂಟ್ರಲ್ ಕಟ್ ಆಗಿ ಊರಲ್ಲಿ ಹತ್ತು ಮನೆ ಟಿವಿ ಒಟ್ಗೆ ಸುಟ್ಟೋಗಿದ್ದು ನೀವೂ ನೋಡಿರ್ತೀರ, ಅವತ್ತು 230 ಬರೋ ಕಡೆ 400ರ ಹತ್ರ ವೋಲ್ಟ್ ಬಂದಿರುತ್ತೆ, ಚಾರ್ಜರ್ ಪ್ಲಗ್ಗಲ್ಲೇ ಇದ್ರೆ ಅದೂ ಹೋಯ್ತು.

ಅದಕ್ಕೆ ನಾನು ಹೇಳೋದು ಗಾಡಿ ಬುಕ್ ಮಾಡೋ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ. ಮೀಟರ್ ಬೋರ್ಡಿಂದ ನೇರವಾಗಿ ಬೇರೆ ಲೈನು, 2.5 ಎಂಎಂ ತಾಮ್ರದ ವೈರು, ದೊಡ್ಡ ಪವರ್ ಪ್ಲಗ್ಗು, ಒಂದು ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಬೀಳೋ ಸ್ವಿಚ್ಚು), 30 ಮಿಲಿ ಆಂಪ್‌ಗೆ ಟ್ರಿಪ್ ಆಗೋ ಒಂದು ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಕಟ್ ಮಾಡೋ ಸ್ವಿಚ್ಚು), ಹಿತ್ತಲಲ್ಲಿ ಸರಿಯಾದ ಅರ್ತ್ ಪಿಟ್ಟು. ಇಷ್ಟಕ್ಕೆ ಖರ್ಚಾಗುತ್ತೆ, ಆಗ್ಲಿ, ಇದ್ರಲ್ಲಿ ಜುಗ್ಗತನ ಬೇಡ. ಕೆಲ್ಸದಿಂದ ಬಂದ ತಕ್ಷಣ ಬಿಸಿ ಬ್ಯಾಟರಿಗೆ ಚಾರ್ಜ್ ಹಾಕ್ಬೇಡಿ, ಕೈಕಾಲು ತೊಳ್ದು ಊಟ ಮಾಡಿ ಆಮೇಲೆ ಹಾಕಿ. ಕರೆಂಟ್ ಹೋಗಿ ಬಂದಾಗ ಐದ್ ನಿಮಿಷ ಬಿಟ್ಟು ಆನ್ ಮಾಡಿ. ಮುಖ್ಯವಾಗಿ, ಮನೆಯಿಂದ ಆಚೆ ಓಡೋ ಬಾಗ್ಲಿಗೆ ಅಡ್ಡ ನಿಲ್ಸಿ ರಾತ್ರಿಯೆಲ್ಲ ಚಾರ್ಜ್‌ಗೆ ಹಾಕಿ ಒಳಗೆ ಮಲಗ್ಬೇಡಿ, ಹೊರಗೆ ಶೀಟ್ ಕೆಳಗೆ ನಿಲ್ಸಿ.

ರೇಂಜ್ ಬಗ್ಗೆ, ಅಂದ್ರೆ ಒಂದ್ ಸಲ ಚಾರ್ಜ್ ಮಾಡಿದ್ರೆ ಎಷ್ಟು ಕಿಲೋಮೀಟರ್ ಬರುತ್ತೆ ಅನ್ನೋದು, ಕಂಪ್ನಿ 120 ಅಂತ ಬರೆದಿದ್ರೆ ನೀವು 85-90 ಅಂತ ಓದ್ಕೊಳಿ, ಹಿಂದೆ ಹೆಂಡ್ತಿ ಕೂರ್ಸ್ಕೊಂಡು ಚಾಮುಂಡಿ ಬೆಟ್ಟ ಹತ್ತಿದ್ರೆ ಅದೂ ಇಲ್ಲ. ನಿಮ್ಗೆ ದಿನಕ್ಕೆ 55 ಬೇಕು, ಬ್ಯಾಟರಿ ವಯಸ್ಸಾದ್ಮೇಲೂ ಉಳಿಯೋ ಹಾಗೆ 3 ಯೂನಿಟ್‌ಗಿಂತ ಸಣ್ಣ ಬ್ಯಾಟರಿ ನೋಡ್ಬೇಡಿ. ಮೈಸೂರು ಬೆಂಗ್ಳೂರು ಎಕ್ಸ್‌ಪ್ರೆಸ್‌ವೇ ಮೇನ್ ರೋಡಲ್ಲಿ 2023ರ ಆಗಸ್ಟ್‌ನಿಂದ ಟೂ ವೀಲರ್ ಬಿಡಲ್ಲ, ಸರ್ವಿಸ್ ರೋಡಲ್ಲೇ ಹೋಗ್ಬೇಕು. ನಿಮ್ಗೆ ಕೋಪ ಇರ್ಬೋದು ಆದ್ರೆ ಬ್ಯಾಟರಿಗೆ ಖುಷಿ, 40-45ರಲ್ಲಿ ಹೋದಾಗ ಅದು ಬಹಳ ದೂರ ಬರುತ್ತೆ. 25 ಕಿಲೋಮೀಟರ್ ಸ್ಪೀಡಿನ ಲೈಸೆನ್ಸ್ ಬೇಡ ರಿಜಿಸ್ಟ್ರೇಶನ್ ಬೇಡ ಅನ್ನೋ ಗಾಡಿ ಕಡೆ ಕಣ್ಣೂ ಹಾಕ್ಬೇಡಿ, ಅದು ಬೀದಿ ಓಡಾಟಕ್ಕೆ.

ಸರ್ವಿಸ್ ವಿಷ್ಯದಲ್ಲಿ ನಾನೇ ಪೆಟ್ಟು ತಿಂದವನು. ನನ್ ಗಾಡಿ ಕಂಟ್ರೋಲರ್ (ಮೋಟ್ರಿಗೆ ಎಷ್ಟು ಕರೆಂಟ್ ಬಿಡ್ಬೇಕು ಅಂತ ನೋಡ್ಕೊಳೋ ಪೆಟ್ಟಿಗೆ) ಹೋದಾಗ ಸ್ಪೇರ್ ಇಲ್ಲ ಅಂತ 23 ದಿನ ಶೋರೂಮಲ್ಲೇ ನಿಂತಿತ್ತು, ಬ್ಯಾಟರಿ ಪಾಠ ಮಾಡೋ ಮೇಷ್ಟ್ರು ಸಿಟಿ ಬಸ್ಸಲ್ಲಿ ಓಡಾಡ್ದೆ. ಪೆಟ್ರೋಲ್ ಸ್ಕೂಟರ್ ಆದ್ರೆ ಪಾಂಡವಪುರ ಸರ್ಕಲ್ಲಲ್ಲಿ ಯಾರೋ ಒಬ್ರು ಕಾರ್ಬೊರೇಟರ್ ಬಿಚ್ಚಿ ಊದಿ ಕಳಿಸ್ತಾರೆ. ಈ ಊದೋ ಮೆಕ್ಯಾನಿಕ್ ಮುಂದೆ ಏನ್ ಮಾಡ್ತಾನೆ ಅನ್ನೋದು ಕಡ್ಡಾಯ ಕಡ್ಡಾಯ ಅನ್ನೋರು ಯೋಚ್ನೆ ಮಾಡ್ಬೇಕಾದ ವಿಷ್ಯ, ನಮ್ ಕ್ಲಾಸಿಗೆ ಬರೋ ಹುಡುಗ್ರಲ್ಲಿ ಅರ್ಧ ಅಂಥವ್ರ ಮಕ್ಳೇ. ನೀವು ತಗೊಳೋ ಮುಂಚೆ ಬೆಲೆ ಕೇಳೋದಕ್ಕಿಂತ ಮೊದ್ಲು ಬ್ಯಾಟರಿ ವಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್, ಶಕ್ತಿ ಎಷ್ಟು ಪರ್ಸೆಂಟ್‌ಗೆ ಇಳಿದ್ರೆ ಬದಲಾಯಿಸಿ ಕೊಡ್ತಾರೆ ಅಂತ ಬರವಣಿಗೇಲಿ ಕೇಳಿ, ಬಾಯಿ ಮಾತು ಬೇಡ.

ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡಿ ಗಾಡಿ ಓಡಿಸಿದ್ರೆ ಏನ್ ಪ್ರಯೋಜನ ಅನ್ನೋದಕ್ಕೂ ಒಂದ್ ಮಾತು. ಒಂದ್ ಲೀಟರ್ ಪೆಟ್ರೋಲ್ ಸುಟ್ರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್, ಅಂದ್ರೆ ನಿಮ್ ಸ್ಕೂಟರ್ ಕಿಲೋಮೀಟರ್‌ಗೆ 50 ಗ್ರಾಂ ಬಿಡುತ್ತೆ. ದೇಶದ ಕರೆಂಟ್ ಸರಾಸರಿ ಯೂನಿಟ್‌ಗೆ 700 ಗ್ರಾಂ ಚಿಲ್ಲರೆ, ಎಲೆಕ್ಟ್ರಿಕ್ ಲೆಕ್ಕ 26 ಗ್ರಾಂ ಬಂತು. ಬ್ಯಾಟರಿ ಮಾಡೋವಾಗಿನ ಹೊಗೆ ಬೇರೆ ಇದೆ, ಆದ್ರೆ ನಿಮ್ಮಷ್ಟು ಓಡಿಸೋರಿಗೆ ಅದೂ ತೀರುತ್ತೆ. ಅರಬ್ಬರ ಎಣ್ಣೆ ಬಿಟ್ಟು ಚೀನಾ ಬ್ಯಾಟರಿ ಹಿಡ್ಕೊಂಡ್ವಿ ಅನ್ನೋ ದೂರಲ್ಲಿ ಮಾತ್ರ ಹುರುಳಿದೆ. ಮಂಡ್ಯದ ಮರಳಗಾಲ ಅಲ್ಲಾಪಟ್ಟಣದ ಕಡೆ ಲಿಥಿಯಂ ಸಿಕ್ತು, ಮಂಡ್ಯ ದುಬೈ ಆಗುತ್ತೆ ಅಂತ 2020ರಲ್ಲಿ ಕುಣಿದಾಡಿದ್ರು, ಮೊದ್ಲು ಓಡಾಡಿದ್ದು 14,100 ಟನ್ ಅನ್ನೋ ಅಂಕಿ, ಅಣು ಖನಿಜ ನಿರ್ದೇಶನಾಲಯದವ್ರು ಪ್ರಾಥಮಿಕ ಸರ್ವೆ ಮಾಡಿದಾಗ 1,600 ಟನ್ ಅಂದ್ರು. ಗಣಿಯಂತೂ ಹತ್ರದಲ್ಲಿ ಕಾಣಲ್ಲ, ದುಬೈ ಇನ್ನೂ ದೂರ. ಕಬ್ಬು ಬೆಳೆಯೋ ನಮ್ಮೂರ್ನವ್ರು ಒಂದ್ ಕಡೆ ಎಥೆನಾಲ್ ಪೆಟ್ರೋಲ್‌ಗೆ ಹಾಕ್ಲಿ ಅಂತಾರೆ, ಇನ್ನೊಂದ್ ಕಡೆ ಪೆಟ್ರೋಲೇ ಬೇಡ ಅನ್ನೋ ಪಾಲಿಸಿ. ಎರಡಕ್ಕೂ ಒಂದೇ ಸರ್ಕಾರ ಚಪ್ಪಾಳೆ ಹೊಡೀತಿದೆ.

ನನ್ ಸಲಹೆ ಇಷ್ಟು. ಊರೊಳಗಿನ ಮನೆ, ಗೃಹಜ್ಯೋತಿ ಲೆಕ್ಕ 200ರ ಒಳಗೆ, ಅರ್ತಿಂಗ್ ಸರಿ ಮಾಡ್ಸಿದೀರ ಅಂದ್ರೆ ತಗೊಳಿ, ಹಳೇ ಸ್ಕೂಟರ್ ಮಾರ್ಬೇಡಿ. 9 ವರ್ಷದ ಗಾಡಿಗೆ ಬರೋ ದುಡ್ಡು ಅಷ್ಟರಲ್ಲೇ ಇದೆ, ಎಲೆಕ್ಟ್ರಿಕ್ ಶೋರೂಮಲ್ಲಿ ನಿಂತ ದಿನ ಅದೇ ನಿಮ್ಮನ್ನ ಡ್ಯೂಟಿಗೆ ಮುಟ್ಟಿಸೋದು. ತೋಟದ ಮನೆ ಆದ್ರೆ ಸದ್ಯಕ್ಕೆ ತಡೀರಿ. ಯಾವ್ದು ಅಂತ ನೀವು ಹೇಳ್ಲೇ ಇಲ್ವಲ್ಲ, ಮೀಟರ್ ಬೋರ್ಡಿಂದೊಂದು ಫೋಟೋ, ಏಪ್ರಿಲ್ ಮೇ ತಿಂಗ್ಳ ಬಿಲ್ಲು ಕಳ್ಸಿ, ಹೆಸರು ನಂಬರ್ ಮುಚ್ಚಿ ಕಳ್ಸಿ, ನೋಡಿ ಹೇಳ್ತೀನಿ.